ಗಂಡು ಪಪ್ಪಾಯಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬೆನ್ನಿಗೆ
ನಮ್ಮ ಹಿತ್ತಲು.
ಹದಿನೆಂಟು ಹೆಜ್ಜೆ ಉದ್ದ, ಹನ್ನೊಂದು ಅಗಲ,
ನಸ್ರೀನಳ ಹೆಜ್ಜೆಯಲ್ಲಿ.
ಇಮ್ದಾದ್ ಅಳೆದರೆ ಇನ್ನೂ ದೊಡ್ಡದು.

'ಇದು ಕಾಡು' ಅಂತ ಸೀಮೆಸುಣ್ಣದಲ್ಲಿ
ಬಾಗಿಲಿಗೆ ಬರೆದುಬಿಟ್ಟರು ಇಬ್ಬರೂ.
ಆಗ ಅಲ್ಲಿದ್ದದ್ದು ಚಕ್ರವಿಲ್ಲದ ಸೈಕಲ್ಲು,
ಗಾಜಿನ ಚೂರು, ಒಂದು ನುಗ್ಗೆ ಗೂಟ,
ಏನೂ ಬೆಳೆಯದೆಂಬ ನನ್ನ ನಂಬಿಕೆ.

ದಿನಾ ಸಂಜೆ ಭಟ್ಟಿಯಿಂದ ಬರುವ ಜೈತುನ್ ಖಾಲಾ
ತಲೆಯ ಮೇಲೆ ಹೊತ್ತು ತಂದಳು
ಹೊಟ್ಟು ಉರಿದ ಕರಿಬೂದಿ, ಬುಟ್ಟಿ ತುಂಬ.
ಅದರ ಮೇಲೆ ಸಗಣಿ, ಅದರ ಮೇಲೆ ಬೇವಿನ ತರಗು,
ನನ್ನ ಲಗೇಜ್ ಆಟೋದಲ್ಲಿ ಬಂದ
ಮಾರ್ಕೆಟ್ಟಿನ ಕೊಳೆತ ಎಲೆಕೋಸು.
ವಾಸನೆಗೆ ಪಕ್ಕದ ಮನೆಯ ಕಿಟಕಿ ಮುಚ್ಚಿತು.
ಮೊದಲ ಬದನೆಕಾಯಿ ಕೊಟ್ಟ ದಿನ ತೆರೆಯಿತು.

ನೀರೇ? ನಲ್ಲಿ ವಾರಕ್ಕೊಮ್ಮೆ ಕೆಮ್ಮುತ್ತದೆ.
ಬಾಳೆ ಕುಡಿಯುವುದು ನಮ್ಮ ಸ್ನಾನ,
ಕರಿಬೇವು ಕುಡಿಯುವುದು ಶಾಹಿದಾ ಅಕ್ಕಿ ತೊಳೆದದ್ದು.
ಸ್ನಾನವೆಂದರೆ ಓಣಿ ದಾಟಿ ಓಡುತ್ತಿದ್ದ ಇಮ್ದಾದ್
ಈಗ 'ಬಾಳೆಗೆ ಬಾಯಾರಿಕೆ ಕಣೋ' ಅಂದರೆ ಸಾಕು,
ತಾನೇ ಬಂದು ಬಚ್ಚಲಲ್ಲಿ ಕೂರುತ್ತಾನೆ.

ಮಾವಿನ ವಾಟೆ ಹೂತವನು ಅವನೇ.
ದಿನಾ ಬೆಳಿಗ್ಗೆ ಅಗೆದು ನೋಡುತ್ತಿದ್ದ, ಬಂತಾ, ಬಂತಾ ಅಂತ.
ಬಂದ ದಿನ ಮೊಳಕೆ ಅವನ ಕೈಯಲ್ಲೇ ಮುರಿಯಿತು.
ಎರಡನೆಯ ವಾಟೆ ಎಲ್ಲಿ ಹೂತಳೆಂದು
ನಸ್ರೀನ್ ಯಾರಿಗೂ ಹೇಳಲಿಲ್ಲ.
ಅದು ಬಂತು.

ಎರಡು ಮಳೆಗಾಲ ಹೋದವು.
ಗೂಟ ಮರವಾಯಿತು, ಮರವನ್ನು ಬಸಳೆ ಹತ್ತಿತು,
ಬಾಳೆಯ ಕಾಲಡಿ ಕೆಸು, ಕೆಸುವಿನ ಮಗ್ಗುಲಲ್ಲಿ ಅರಿಶಿನ,
ಯಾರು ಹೇಳಿದರೂ ಕೇಳದೆ ಗೆಣಸಿನ ಬಳ್ಳಿ
ಸೈಕಲ್ಲಿನ ಮೇಲೆ ಹತ್ತಿ ಕೂತಿತು.
ತಗಡು ಸಿಡಿಯುವ ಏಪ್ರಿಲ್ಲಿನಲ್ಲಿ
ಆ ಎಲೆ ಎತ್ತಿದರೆ ತಣ್ಣಗಿನ ಮಣ್ಣು, ಅದರಲ್ಲೊಂದು ಕಪ್ಪೆ.
ಯಾವ ಚರಂಡಿಯಿಂದ, ಯಾರನ್ನು ಕೇಳಿ ಬಂತೋ!

ಐದು ಪಪ್ಪಾಯಿ ಗಿಡ. ನಾಲ್ಕು ಕಾಯಿ ಕಟ್ಟಿದವು.
ಐದನೆಯದು ಉದ್ದುದ್ದ ಜಡೆ ಇಳಿಬಿಟ್ಟು
ಬರೀ ಹೂ, ಬರೀ ಹೂ.
ಮಚ್ಚು ಮಸೆದು ತಂದೆ:
'ಇದು ಗಂಡು. ಹಣ್ಣು ಬಿಡಲ್ಲ. ಜಾಗ ದಂಡ.'
ನಸ್ರೀನ್ ಕಾಂಡಕ್ಕೆ ಬೆನ್ನು ಕೊಟ್ಟು ನಿಂತಳು.
'ಅಬ್ಬಾ, ಖಾಲಾಗೂ ಮಕ್ಕಳಿಲ್ಲ.'

ಅಷ್ಟೇ ಅಂದದ್ದು.
ತೊಟ್ಟಿಯ ಹತ್ತಿರ ಖಾಲಾ
ಮೊಣಕೈ ತನಕ ಅಂಟಿದ ಬೂದಿ ತೊಳೆಯುತ್ತಿದ್ದಳು.
ಒಳಗೆ ಒಗ್ಗರಣೆ ಸಿಡಿಯುವುದು ನಿಂತಿತು.
ಶಾಹಿದಾ ಬಾಗಿಲಿಗೆ ಬಂದಳು, ಸೌಟು ಹಿಡಿದೇ.
ನನಗೆ ಮಚ್ಚು ಎಲ್ಲಿಡಬೇಕೋ ತಿಳಿಯಲಿಲ್ಲ.

ಖಾಲಾ ಎದ್ದಳು, ಸೆರಗಿಗೆ ಕೈ ಒರೆಸಿಕೊಂಡಳು.
ಅವತ್ತಿನ ಬುಟ್ಟಿ ಪೂರ್ತಿ
ಆ ಗಂಡಿನ ಬುಡಕ್ಕೇ ಸುರಿದಳು.
ಮಿಕ್ಕ ನಾಲ್ಕಕ್ಕೆ ಒಂದು ಹಿಡಿಯೂ ಇಲ್ಲ.

ಮರುವಾರ ನರ್ಸರಿಯ ತಿಪ್ಪೇಶಪ್ಪ ಹೇಳಿದ:
'ಕಡಿದೀಯಾ ಮಾರಾಯ, ಅದರ ಹೂವಿನ ಪುಡಿ ಬೀಳದಿದ್ದರೆ
ಆ ನಾಲ್ಕಕ್ಕೆ ಕಾಯಿ ಎಲ್ಲಿಂದ ಬಂದಾವು?'
ಮನೆಗೆ ಬಂದು ನಾನದನ್ನು ಹೇಳಲಿಲ್ಲ.
ಆ ಮರಕ್ಕೆ ಕಾರಣ ಬೇಕಿರಲಿಲ್ಲ.

ಈಗ ದೀಪ ಹಚ್ಚುವ ಹೊತ್ತಿಗೆ
ಬೂದುಬಣ್ಣದ ಪತಂಗಗಳು ಅದರ ಜಡೆಗೆ ಬರುತ್ತವೆ.
ಕೆಳಗೆ ಚಾಪೆ. ಸೊಟ್ಟ ಪಪ್ಪಾಯಿ ಹೋಳು, ಉಪ್ಪು ಖಾರ,
ಸೊಂಟ ನೋವೆಂದು ಕಾಲು ಚಾಚಿದ ಖಾಲಾ.

'ಖಾಲಾ, ಜೈತುನ್ ಅಂದ್ರೆ ಮರ ಅಲ್ವಾ?'
'ಹ್ಞೂಂ, ಮರವೇ.'
'ನೀನು ನೋಡಿದೀಯಾ?'
'ಎಣ್ಣೆ ಸೀಸೆ ನೋಡೀನಿ.'
'ಇಲ್ಲಿ ಬರುತ್ತಾ?'

ಖಾಲಾ ಬೀಜ ಉಗಿದು ಬೂದಿ ಕಡೆ ನೋಡಿದಳು.
'ಬರಬಹುದು. ಕಾಯಿ ಬಿಡೋದು ಬೇರೆ ಮಾತು.'

ಇಮ್ದಾದ್ ಆಗಲೇ ಎದ್ದು ಹೋಗಿ
ಕತ್ತಲಲ್ಲಿ ಹೆಜ್ಜೆ ಎಣಿಸುತ್ತಿದ್ದ,
ಕೆಸುವನ್ನು ತುಳಿದುಕೊಂಡು.